ಅಳುವುದಕ್ಕೆ ಒಬ್ಬಳು ಬೇಕಿತ್ತು

ಕಲ್ಲಿಕೋಟೆಯಲ್ಲಿ ನನಗೆ ಉಳಿದಿದ್ದದ್ದು ಒಂದೇ ದಿನ. ಆ ದಿನಕ್ಕೆ ಉಳಿದಿದ್ದದ್ದು ಒಂದೇ ಕೆಲಸ. ಹೊತ್ತು ಸಮುದ್ರದಲ್ಲಿ ಮುಳುಗುವುದನ್ನು ನೋಡಬೇಕು. ನಾನು ಹೋಗಿದ್ದೇ ಅದಕ್ಕೆ. ನಲವತ್ತಾರು ವರ್ಷ ಗುಡ್ಡದ ಹಿಂದಕ್ಕೆ ಜಾರುವ ಸೂರ್ಯನನ್ನೇ ನೋಡಿ ಸಾಕಾಗಿತ್ತು. ಒಂದು ಸಲ, ಸಾಯುವುದರೊಳಗೆ ಒಂದೇ ಒಂದು ಸಲ, ಅದು ನೀರಿಗಿಳಿಯುವುದನ್ನು ನಾನೊಬ್ಬಳೇ ಕೂತು ನೋಡಬೇಕು ಅನ್ನಿಸಿತ್ತು. ಇದರಲ್ಲಿ ಯಾರ ಗಂಟು ಹೋಗುತ್ತಿತ್ತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾನು ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಿಲ್ಲ. ಆಗಬೇಕು ಅನ್ನಿಸಲಿಲ್ಲ, ಆಗಲಿಲ್ಲ, ಅಷ್ಟೇ. ಇದನ್ನು ಹೇಳಿ ಹೇಳಿ ನಾಲಿಗೆ ಸವೆದಿದೆ. ಊರು ಹರವೆಯಿಂದ ಸ್ವಲ್ಪ ಆಚೆಗೆ. ಅಲ್ಲಿ ಅವ್ವ ತಮ್ಮನ ಸಂಸಾರದ ಜೊತೆ ಇದ್ದಾಳೆ. ನಾನು ಟೌನಿನಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು, ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ ಬರುವವಳು.

ಗುಂಡ್ಲುಪೇಟೆ ರಸ್ತೆಯಲ್ಲಿ ಚೆಂಡುಹೂವು, ಸೂರ್ಯಕಾಂತಿ ಬಿಟ್ಟ ಕಾಲದಲ್ಲಿ ನೋಡಬೇಕು. ಕೇರಳದ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಹುಡುಗಿಯರು ಹೊಲಕ್ಕಿಳಿದು ಕೈ ಅಗಲ ಮಾಡಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಬುಲೆಟ್ ಓಡಿಸಿಕೊಂಡು ಒಬ್ಬೊಬ್ಬರೇ ಬರುವ ಹೆಣ್ಣುಮಕ್ಕಳೂ ಇದ್ದಾರೆ. ನನ್ನ ತಮ್ಮ ಅವರಿಗೆ ಎಳನೀರು ಕೊಚ್ಚಿಕೊಟ್ಟು, 'ಏನ್ ಧೈರ್ಯ ನೋಡಕ್ಕ ಅವ್ರುದ್ದು' ಅಂತ ಹೊಗಳುತ್ತಾನೆ. ನಮ್ಮ ಈರುಳ್ಳಿ, ನಮ್ಮ ಎಲೆಕೋಸು, ನಮ್ಮ ಹೂವು ಎಲ್ಲ ಲಾರಿ ಹತ್ತಿ ಕಲ್ಲಿಕೋಟೆಗೆ ಹೋಗುತ್ತವೆ. ಹೋಗಬಾರದವಳು ನಾನೊಬ್ಬಳು.

"ಮೂರು ದಿನ ಕ್ಯಾಲಿಕಟ್‌ಗೆ ಹೋಗಿಬರ್ತೀನಿ" ಅಂದ ದಿನ ಮನೆಯಲ್ಲಿ ಬಾಂಬು ಬಿದ್ದಂತಾಯಿತು.

"ಯಾರ್ ಜೊತೇಲಕ್ಕ?" ಅಂದ ತಮ್ಮ.

"ಯಾರೂ ಇಲ್ಲ. ನಾನೇ."

"ಒಬ್ಳೇಯಾ? ಅಲ್ಲೇನಕ್ಕ ಕೆಲ್ಸ ನಿಂಗೆ?"

"ಏನೂ ಕೆಲಸ ಇಲ್ಲ. ಅದಕ್ಕೇ ಹೋಗ್ತಿರೋದು."

ತಮ್ಮನ ಹೆಂಡತಿ ಅಡುಗೆಮನೆಯಿಂದಲೇ, "ಸಮುದ್ರ ಟೀವೀಲೇ ಬತ್ತದಲ್ಲ ಅಕ್ಕ" ಅಂದಳು. ಅವ್ವ ಮಾತ್ರ ಎಲೆಗೆ ಸುಣ್ಣ ಸವರುತ್ತಾ, "ನೀರಿಗಿಳೀಬ್ಯಾಡ ಕಣಮ್ಮಿ" ಅಂದಳು. ಅವಳ ಬಾಯಲ್ಲಿ ಅದು ಹೋಗಿಬಾ ಅಂದಂತೆಯೇ. ನಾನು ಬ್ಯಾಗು ಕಟ್ಟಿದೆ.

ಮೊದಲ ಸಂಜೆಯನ್ನು ಲಾಡ್ಜುಗಳು ತಿಂದವು. ಬಸ್ಸಿಳಿದು ಹೋದಲ್ಲೆಲ್ಲ ಒಂದೇ ಪ್ರಶ್ನೆ: ಒಬ್ಬರೇನಾ? ಒಬ್ಬರಿಗೆ ರೂಮು ಇಲ್ಲ, ಅದರಲ್ಲೂ ಹೆಂಗಸರಿಗೆ ಇಲ್ಲ. ಅರೆ, ನಾನೇನು ಕದ್ದು ಬಂದಿದ್ದೇನಾ? ನನ್ನ ಐಡಿ ಕಾರ್ಡನ್ನು ಕೌಂಟರ್ ಮೇಲೆ ಟಪ್ಪಂತ ಇಟ್ಟು, "ಗಂಡಸು ಒಬ್ಬನೇ ಬಂದರೆ ಅವನ ಹೆಂಡತಿ ಎಲ್ಲಿ ಅಂತ ಕೇಳ್ತೀರಾ?" ಅಂತ ಜಗಳಕ್ಕೇ ನಿಂತೆ. ನನ್ನ ಕನ್ನಡ ಕೌಂಟರಿನವನಿಗೆ ಅರ್ಥವಾಗಲಿಲ್ಲ, ಕೋಪ ಅರ್ಥವಾಯಿತು. ಅಂತೂ ಕೊನೆಗೊಂದು ಕಡೆ ರೂಮು ಸಿಕ್ಕಿ, ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಕತ್ತಲಾಗಿತ್ತು.

ಎರಡನೆಯ ಸಂಜೆಯನ್ನು ಮೋಡ ತಿಂದಿತು. ಸಮುದ್ರ, ಆಕಾಶ ಎರಡೂ ಒಂದೇ ಬೂದಿ ಬಣ್ಣ. ಮೋಡಕ್ಕೆ ಬೈದು ಪ್ರಯೋಜನವಿಲ್ಲ. ಆದರೂ ಬೈದೆ.

ಆ ಸಂಜೆ ಪರಿಚಯವಾದವಳೇ ಉಪ್ಪುಗಾಡಿಯ ಹೆಂಗಸು. ಬೀಚಿನ ರಸ್ತೆಯಲ್ಲಿ ತಳ್ಳುಗಾಡಿಗಳಿರುತ್ತವೆ. ಗಾಜಿನ ಭರಣಿಗಳಲ್ಲಿ ನೆಲ್ಲಿಕಾಯಿ, ಅನಾನಸು, ಕ್ಯಾರೆಟ್ಟು, ಎಲ್ಲವನ್ನೂ ಉಪ್ಪುನೀರಿನಲ್ಲಿ ನೆನೆಹಾಕಿ ಮಾರುತ್ತಾರೆ. ಅಂಥ ಒಂದು ಗಾಡಿ ಅವಳದು. ನನ್ನದೇ ವಯಸ್ಸಿರಬಹುದು, ದಪ್ಪ ದೇಹ, ತಲೆಗೆ ಸೆರಗು. ನನಗೆ ಹೆದ್ದಾರಿಯ ಮಲಯಾಳ ನಾಲ್ಕು ಮಾತು ಬರುತ್ತದೆ, ಅವಳಿಗೆ ಕನ್ನಡ ಅಷ್ಟೂ ಬರುವುದಿಲ್ಲ. ಆದರೆ ಆ ಊರಿನಲ್ಲಿ 'ಜೊತೆಗೆ ಯಾರು' ಅಂತ ಕೇಳದವಳು ಅವಳೊಬ್ಬಳೇ. 'ಊಟ ಆಯ್ತಾ' ಅಂತ ಕೇಳಿದಳು. ನಾನು ಮೋಡದ ಕಡೆ ಕೈತೋರಿಸಿ ಗೊಣಗಿದಾಗ ನಕ್ಕು, ನಾಳೆ ಮೋಡ ಇರುವುದಿಲ್ಲ, ಬಾ, ಈ ಸ್ಟೂಲು ನಿನಗೇ ಇಟ್ಟಿರುತ್ತೇನೆ, ಇಲ್ಲಿಂದ ನೇರಕ್ಕೆ ಕಾಣುತ್ತದೆ ಅಂತ ಸನ್ನೆಯಲ್ಲೇ ಹೇಳಿದಳು.

ಕೊನೆಯ ದಿನ ಭಾನುವಾರ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಆಕಾಶ ತೊಳೆದಿಟ್ಟಂತಿತ್ತು. ಸಂಜೆಯವರೆಗೆ ಊರು ಸುತ್ತುವುದು, ಹೊತ್ತು ಮುಳುಗುವುದನ್ನು ನೋಡುವುದು, ಮಾರನೆಯ ಬೆಳಿಗ್ಗೆ ಬಸ್ಸು ಹತ್ತುವುದು, ಇದು ನನ್ನ ಲೆಕ್ಕ. ಮಿಠಾಯಿ ಬೀದಿಗೆ ಹೋಗಿ ಅವ್ವನಿಗೆ ಕಪ್ಪು ಹಲ್ವ ತೆಗೆದುಕೊಂಡೆ. ಅವಳಿಗೆ ಹಲ್ಲಿಲ್ಲ, ಸಿಹಿ ಅಂದರೆ ಪ್ರಾಣ. ಎಣ್ಣೆ ಜಿನುಗುವ ಆ ಗಟ್ಟಿಯನ್ನು ಎರಡು ಕವರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಇಟ್ಟೆ. ಅಷ್ಟರಲ್ಲಿ ತಮ್ಮನ ಫೋನು ಎರಡು ಸಲ ಬಂದಿತ್ತು. ಎಲ್ಲಿದೀಯ, ಜೊತೆಗೆ ಯಾರಿದಾರೆ, ರೂಮಿನ ಫೋಟೋ ಕಳಿಸು. ನಾನು ರೂಮಿನ ಫೋಟೋ ಕಳಿಸಲಿಲ್ಲ, ಹಲ್ವದ ಅಂಗಡಿಯದು ಕಳಿಸಿದೆ.

ಹನ್ನೊಂದರ ಹೊತ್ತಿಗೆ ಬೀಚಿಗೆ ಹೋದೆ. ಹಳೆಯ ಕಡಲ ಸೇತುವೆಯ ಕಂಬಗಳು ತುಕ್ಕು ಹಿಡಿದು ನೀರಿನಲ್ಲಿ ನಿಂತಿದ್ದವು. ಒಬ್ಬ ಮುದುಕಿ ಮರಳಿನ ಮೇಲೆ ಕೂತು ಮೀನು ಕುಯ್ಯುತ್ತಿದ್ದಳು. ಸುತ್ತ ಕಾಗೆಗಳು. ಅವುಗಳಲ್ಲಿ ಒಂದು ಅವಳ ತಲೆಯ ಮೇಲೇ ಹತ್ತಿ ಕೂತಿತು. ಅವಳು ಕತ್ತು ಕೂಡ ಎತ್ತದೆ, ಚಾಕು ಹಿಡಿದ ಕೈಯಲ್ಲೇ ಹುಶ್ ಅಂದಳು. ನನಗೆ ನಗು ಬಂತು. ಉಪ್ಪುಗಾಡಿಯವಳು ಆಗಷ್ಟೇ ಭರಣಿಗಳನ್ನು ಜೋಡಿಸುತ್ತಿದ್ದಳು. ನನ್ನನ್ನು ನೋಡಿ ಆಕಾಶದತ್ತ ಬೆರಳು ಮಾಡಿ, ಹೇಳಿರಲಿಲ್ಲವಾ ಅನ್ನುವ ಹಾಗೆ ಹುಬ್ಬು ಹಾರಿಸಿದಳು. ಸ್ಟೂಲನ್ನು ಒರೆಸಿ ನನ್ನ ಕಡೆ ತಳ್ಳಿದಳು.

ಆಗ ಮತ್ತೆ ತಮ್ಮನ ಫೋನು. ಬೈದುಬಿಡೋಣ ಅಂತಲೇ ಎತ್ತಿದೆ.

"ಅಕ್ಕಾ..." ಅಂದವನು ನಿಲ್ಲಿಸಿಬಿಟ್ಟ. "ಅವ್ವ ಓಗ್ಬುಟ್ಳು ಕಣಕ್ಕ."

"ಎಲ್ಲಿಗೆ?" ಅಂದೆ ನಾನು.

"ಓಗ್ಬುಟ್ಳು ಅಂದ್ರೆ... ಓಗ್ಬುಟ್ಳು. ಬೆಳಗ್ಗೆ ಕಾಪಿ ಕುಡುದು ಕುಂತಿದ್ಳು. ಅಂಗೇ." ಹಿಂದೆ ಯಾರೋ ಬಿಕ್ಕುವುದು ಕೇಳಿಸಿತು. "ಬಂದ್ಬುಡಕ್ಕ."

ಫೋನು ಕಟ್ಟಾಯಿತು. ನಾನು ಆ ಸ್ಟೂಲಿನ ಮೇಲೆ ಕೂತಿದ್ದೆನೋ, ಮರಳಿನ ಮೇಲೆ ಬಿದ್ದಿದ್ದೆನೋ ಗೊತ್ತಿಲ್ಲ. ಬಾಯಿ ಬಡಿದುಕೊಂಡು ಅತ್ತೆ. ನಾಚಿಕೆ, ಮಾನ ಯಾವುದೂ ನೆನಪಾಗಲಿಲ್ಲ. ಅವ್ವಾ ಅವ್ವಾ ಅಂತ, ನಮ್ಮೂರಲ್ಲಿ ಹೆಣದ ಮುಂದೆ ಅಳುವ ಹಾಗೆ, ಆಡಿಕೊಂಡು ಅತ್ತೆ. ಜನ ಸೇರಿದರು. ಉಪ್ಪುಗಾಡಿಯವಳು ಗಾಡಿ ಬಿಟ್ಟು ಓಡಿಬಂದು ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಎಂದಾ ಪಟ್ಟಿಯೆ?" ಏನಾಯ್ತು ಅಂತ. "ಅಮ್ಮ... ಅಮ್ಮ" ಅಂದೆ. ಅಷ್ಟು ಸಾಕಾಯಿತು. ಅದಕ್ಕೆ ಭಾಷೆ ಬೇಕಿಲ್ಲ. "ಕರಯಂಡ ಮೋಳೇ, ಕರಯಂಡ" ಅನ್ನುತ್ತಾ ತಾನೂ ಅಳುವುದಕ್ಕೆ ಶುರುಮಾಡಿದಳು. ಅಳಬೇಡ ಮಗಳೇ ಅಂತ ಹೇಳಿಕೊಂಡು ಅಳುತ್ತಿದ್ದಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಭಾನುವಾರ, ಅವಳಿಗೆ ವಾರದ ದುಡಿಮೆಯೇ ಅವತ್ತು. ಭರಣಿಗಳ ಬಾಯಿ ಮುಚ್ಚಿ, ಗಾಡಿಗೆ ಟಾರ್ಪಾಲು ಹೊದಿಸಿ, ನನ್ನ ಜೊತೆ ಆಟೋ ಹತ್ತಿದಳು. ರೂಮಿಗೆ ಬಂದು ನನ್ನ ಬಟ್ಟೆ ಮಡಿಸಿ ಬ್ಯಾಗಿಗೆ ತುಂಬಿದಳು. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗೆ ವಿಷಯ ಹೇಳಿ ಕಿಟಕಿ ಪಕ್ಕ ಕೂರಿಸಿದಳು. ನನ್ನ ಫೋನಿನಲ್ಲಿ ತನ್ನ ನಂಬರನ್ನು ತಾನೇ ಒತ್ತಿ ಒಂದು ಮಿಸ್ಡ್ ಕಾಲ್ ಕೊಟ್ಟುಕೊಂಡು, ತಲುಪಿದ ಮೇಲೆ ಮಾತಾಡು ಅಂತ ಸನ್ನೆ ಮಾಡಿದಳು. ಬಸ್ಸು ಹೊರಟಾಗಲೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

ದಾರಿಯುದ್ದಕ್ಕೂ ತಮ್ಮನಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಅವನ ಹೆಂಡತಿ ಎತ್ತಲಿಲ್ಲ. ಹೆಣದ ಮನೆಯಲ್ಲಿ ಫೋನು ಯಾರು ನೋಡುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಘಾಟಿಯ ತಿರುವುಗಳಲ್ಲಿ ಬಸ್ಸು ಏರುತ್ತಿದ್ದರೆ ನನಗೆ ಅವ್ವನದೇ ಚಿತ್ರ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಹಣೆಗೆ ದಪ್ಪಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿರುತ್ತಾರೆ. ಕೂತೇ ಹೋಗಬೇಕು. ನನ್ನವ್ವ ಈಗ ನಡುಮನೆಯ ಗೋಡೆಗೆ ಒರಗಿ ಕೂತಿರುತ್ತಾಳೆ, ನನಗಾಗಿ ಕಾಯಿಸಿರುತ್ತಾರೆ. ಸುತ್ತ ಕೂತವರು, 'ತಾಯಿ ಸಾಯೋ ಹೊತ್ನಲ್ಲಿ ಮಗಳು ಸಮುದ್ರ ನೋಡಾಕೋಗಿದ್ಳಂತೆ' ಅಂತ ಬಾಯಿಗೆ ಎಲೆಯಡಿಕೆ ಹಾಕಿಕೊಂಡಿರುತ್ತಾರೆ. ಅದನ್ನು ನೆನೆದು ಅಳುವಿನ ನಡುವೆಯೂ ಮೈ ಉರಿಯಿತು. ಯಾವನಿಗೆ ಏನು ಅಧಿಕಾರ? ನಾನು ಸಮುದ್ರ ನೋಡಿದ್ದಕ್ಕೆ ಅವ್ವ ಹೋದಳಾ?

ಕಾಡು ಸಿಕ್ಕಿದಾಗ ಸಿಗ್ನಲ್ಲು ಹೋಯಿತು. ಬಂಡೀಪುರದ ಮರಗಳ ಸಂದಿಯಲ್ಲಿ ಸೂರ್ಯ ಕೆಂಪಗಾಗಿ ಇಳಿಯುತ್ತಿದ್ದ. ಬಸ್ಸಿನವರು ಜಿಂಕೆ, ಜಿಂಕೆ ಅಂತ ಕಿಟಕಿಗೆ ಮುಗಿಬಿದ್ದರು. ನಾನು ಆ ಕಡೆ ತಿರುಗಲಿಲ್ಲ. ಹಲ್ವದ ಕವರು ಬ್ಯಾಗಿನೊಳಗೆ ಬಿಸಿಲಿಗೆ ಕರಗಿ ಅಂಟಾಗಿತ್ತು.

ಗುಂಡ್ಲುಪೇಟೆಯಲ್ಲಿ ಇಳಿದು ಆಟೋ ಹಿಡಿದೆ. ಊರು ತಲುಪಿದಾಗ ದೀಪ ಹಚ್ಚುವ ಹೊತ್ತು. ನಮ್ಮ ಮನೆಯ ಮುಂದೆ ಶಾಮಿಯಾನ ಇರಲಿಲ್ಲ. ಕುರ್ಚಿ ಇರಲಿಲ್ಲ. ಒಂದು ನರಪಿಳ್ಳೆ ಇರಲಿಲ್ಲ. ನನಗಾಗಿ ಕಾಯದೆ ಮಣ್ಣು ಮಾಡಲು ಹೊಲಕ್ಕೆ ತೆಗೆದುಕೊಂಡು ಹೋಗಿಬಿಟ್ಟರಲ್ಲಪ್ಪಾ ಅಂತ, ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದೆ.

ಅವ್ವ ಕೂತಿದ್ದಳು. ನಡುಮನೆಯ ಗೋಡೆಗೆ ಒರಗಿ, ಹೊಸ ಸೀರೆ, ಹಣೆಯ ತುಂಬ ವಿಭೂತಿ, ಪಕ್ಕದಲ್ಲಿ ದೀಪ. ಕಣ್ಣು ಮುಚ್ಚಿತ್ತು. ನಾನು ಬಸ್ಸಿನಲ್ಲಿ ಹೇಗೆ ಕಂಡಿದ್ದೆನೋ ಹಾಗೇ.

"ಅವ್ವೋ!" ಅಂತ ಕಿರುಚಿ ಅವಳ ಕಾಲ ಮೇಲೆ ಬಿದ್ದೆ.

"ಅಯ್ಯೋ ಮೆಲ್ಲುಗಮ್ಮಿ, ಮಂಡಿ ನೋಯ್ತದೆ" ಅಂದಳು ಅವ್ವ.

ಹಿಂದಕ್ಕೆ ಹಾರಿ ಬಾಗಿಲಿಗೆ ತಲೆ ಬಡಿಸಿಕೊಂಡೆ. ಅವ್ವ ಬೊಚ್ಚುಬಾಯಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ತಮ್ಮ ಕೋಣೆಯಿಂದ ಬಂದು ಗೋಡೆಗೆ ಅಂಟಿಕೊಂಡು ನಿಂತ. ಅವನ ಮುಖ ನೋಡಿದ ಕೂಡಲೇ ನನಗೆ ಎಲ್ಲ ಗೊತ್ತಾಗಿಹೋಯಿತು. ಈ ಸೀಮೆಯಲ್ಲಿ ಹುಟ್ಟಿದವಳಲ್ಲವೇ ನಾನು.

"ಕಾಗೆನಾ?" ಅಂದೆ.

"ಹೂಂ ಕಣಕ್ಕ" ಅಂದ.

ಕಾಗೆ ತಲೆ ಮುಟ್ಟಿದರೆ ಸಾವು ಮುಟ್ಟಿದ ಹಾಗೆ ಅಂತ ನಮ್ಮ ಕಡೆಯವರ ನಂಬಿಕೆ. ಅದಕ್ಕೆ ಪರಿಹಾರವೂ ಇದೆ. ಅವರು ಸತ್ತರು ಅಂತ ದೂರದಲ್ಲಿರುವ ಕರುಳಬಳ್ಳಿಗೆ ಸುಳ್ಳುಸುದ್ದಿ ಕಳಿಸುವುದು. ಆ ಕಡೆಯವರು ನಿಜವೆಂದು ನಂಬಿ ಅತ್ತರೆ ದೋಷ ಕಳೆಯಿತು. ಹಿಂದೆ ಟೆಲಿಗ್ರಾಂ ಕೊಡುತ್ತಿದ್ದರು, ಈಗ ಫೋನು. ಆದರೆ ಅಳು ಕೇಳಿದ ಮರುಗಳಿಗೆಯೇ, ಸುಳ್ಳು, ಬದುಕಿದ್ದಾರೆ ಅಂತ ಹೇಳಬೇಕು. ಅದೂ ಶಾಸ್ತ್ರವೇ. ಆ ಅರ್ಧ ಶಾಸ್ತ್ರವನ್ನು ಈ ಮಹಾನುಭಾವ ನುಂಗಿಬಿಟ್ಟಿದ್ದ. ಬೆಳಿಗ್ಗೆ ಅವ್ವ ಅಂಗಳದಲ್ಲಿ ಅವರೆಕಾಳು ಹರಡುವಾಗ ಕಾಗೆ ಬಂದು ತಲೆಯ ಮೇಲೆ ಕೂತಿತಂತೆ. ಎಣ್ಣೆನೀರು ಹಾಕಿಸಿ, ಹೊಸ ಸೀರೆ ಉಡಿಸಿ, ಇವನು ಫೋನು ಹಚ್ಚಿದ್ದಾನೆ.

"ಮತ್ತೆ ಯಾಕೋ ಹೇಳಲಿಲ್ಲ? ಫೋನು ಯಾಕೋ ಆಫ್ ಮಾಡ್ದೆ, ಮನೆಹಾಳ?"

"ಚಾರ್ಜ್ ಇರ್ನಿಲ್ಲ ಕಣಕ್ಕ..."

"ಬೊಗಳಬೇಡ!"

ತಮ್ಮನ ಹೆಂಡತಿಗೆ ಗಂಡನನ್ನು ಕಾಪಾಡುವ ಆಸೆ. "ನಿಮ್ಗೆ ಹೇಳ್ಬುಟ್ಟಿದ್ರೆ ನೀವು ಬರ್ತಿರ್ನಿಲ್ಲ ಅಕ್ಕ. ಹೆಂಗಸು ಒಬ್ಳೇ ಅಲ್ಲಿ ಇಲ್ಲಿ ತಿರುಗ್ತಿದ್ರೆ ಜನ ಏನಂದಾರು? ಹೆಂಗೂ ಕಾಗೆ ಮುಟ್ತು, ಎರಡೂ ಕೆಲ್ಸ ಆಗೋಗ್ಲಿ ಅಂತ..." ಅಂದು ನಾಲಿಗೆ ಕಚ್ಚಿಕೊಂಡಳು.

ಎರಡೂ ಕೆಲಸ! ನನ್ನ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಲ್ಲಿ ಮೀನು ಕುಯ್ಯುವ ಮುದುಕಿಯ ತಲೆಯ ಮೇಲೆ ಕಾಗೆ ದಿನಾ ಕೂರುತ್ತದೆ, ಅವಳು ದಿನಾ ಸಾಯಬೇಕಾ ಅಂದೆ. ತಾಯಿಯ ಸಾವನ್ನು ಹಗ್ಗ ಮಾಡಿ ನನ್ನನ್ನು ದನ ಎಳೆದಂತೆ ಎಳೆದುಕೊಂಡಿರಲ್ಲ, ನಿಮಗೆ ಮನುಷ್ಯತ್ವ ಇದೆಯಾ ಅಂದೆ. ಹೆದ್ದಾರಿಯಲ್ಲಿ ಕಂಡವರ ಮಕ್ಕಳಿಗೆ ಎಳನೀರು ಕೊಟ್ಟು ಧೈರ್ಯ ಹೊಗಳುವವನಿಗೆ ಅಕ್ಕ ಒಬ್ಬಳೇ ಮೂರು ದಿನ ಬದುಕಿಬಂದರೆ ಹೊಟ್ಟೆಯಲ್ಲಿ ಕಿಚ್ಚಾ ಅಂದೆ.

"ಅದೇನು ಅಷ್ಟು ನೋಡಾಕೋಗಿದ್ದೆ ನೀನು?" ಅಂದ ಅವನು.

"ಹೊತ್ತು ಮುಳುಗೋದನ್ನ."

"ಇಲ್ಲಿ ಮುಳುಗಕಿಲ್ವಾ?"

ಅವನಿಗೆ ಹೊಡೆಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಅವ್ವ ನನ್ನ ಸೆರಗು ಹಿಡಿದು ಎಳೆದಳು. ಇಷ್ಟು ಹೊತ್ತೂ ಅವಳು ನಮ್ಮ ಜಗಳವನ್ನು ಕೇಳಿಸಿಕೊಂಡೇ ಇರಲಿಲ್ಲ ಅನ್ನಿಸಿತು. ಅವಳಿಗೆ ಬೇಕಿದ್ದದ್ದು ಬೇರೆ.

"ಅತ್ತ್ಯಾ?" ಅಂದಳು ಮೆಲ್ಲಗೆ.

ನಾನು ಅವಳ ಕೈಯಿಂದ ಸೆರಗು ಬಿಡಿಸಿಕೊಂಡೆ.

"ಹೇಳಮ್ಮಿ, ಅತ್ತ್ಯಾ? ನಾನೇ ಹೇಳ್ದೆ ಅವುನ್ಗೆ, ಅಕ್ಕನ್ಗೇ ಮಾಡ್ಲಾ ಅಂತ. ಇನ್ಯಾರ್ಗೆ ಮಾಡಿದ್ರೂ ನಿಜ್ವಾಗ್ಲೂ ಅಳಾಕಿಲ್ಲ. ನನ್ಗೋಸ್ಕರ ಅಳೋಳು ನೀನೊಬ್ಳೇಯ."

ಹೀಗೆ ಅಂದರೆ ಏನು ಮಾಡಬೇಕು ಮನುಷ್ಯಳಾದವಳು? ನನ್ನ ಸಂಜೆಯನ್ನು ಕಿತ್ತುಕೊಂಡವರಲ್ಲಿ ಅವ್ವನೂ ಒಬ್ಬಳು ಅಂತ ಗೊತ್ತಾಗಿ ಕೋಪ ಇಮ್ಮಡಿಯಾಯಿತು. ಅಳಲಿಲ್ಲ, ಒಂದು ಹನಿಯೂ ಹಾಕಲಿಲ್ಲ, ಹೋಗು ಅಂದುಬಿಡಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು. ಅವಳು ಹೆದರಿ ಸಾಯಲಿ ಅನ್ನುವಷ್ಟು ಸಿಟ್ಟು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ವಿಭೂತಿಯ ಕೆಳಗೆ ಹಣೆ ಬೆವೆತಿತ್ತು. ಆ ಮುದುಕಿಗೆ ನಿಜವಾಗಿ ಭಯವಾಗಿತ್ತು.

ಆಗ ನನ್ನ ಫೋನು ಹೊಡೆದುಕೊಂಡಿತು. ಉಪ್ಪುಗಾಡಿಯವಳು.

"ಮೋಳೇ, ವೀಟ್ಟಿಲ್ ಎತ್ತಿಯೋ? ಅಮ್ಮಯೆ ಕಂಡೋ?" ಮನೆ ತಲುಪಿದೆಯಾ, ಅಮ್ಮನನ್ನು ನೋಡಿದೆಯಾ ಅಂತ. ಅವಳ ದನಿ ಅತ್ತು ಅತ್ತು ಒಡೆದುಹೋಗಿತ್ತು. ಹಿಂದೆ ಸಮುದ್ರ ಭೋರ್ಗರೆಯುತ್ತಿತ್ತು.

ಏನಂತ ಹೇಳಲಿ? ಕಾಗೆ ಅಂತಲಾ? ನಿನ್ನ ಭಾನುವಾರದ ದುಡಿಮೆ, ನಿನ್ನ ಕಣ್ಣೀರು ಎಲ್ಲ ನಮ್ಮ ಮನೆಯ ಒಂದು ನಾಟಕಕ್ಕೆ ಸುರಿದೆ ಅಂತಲಾ? ಸ್ಪೀಕರ್ ಹಾಕಿ ಫೋನನ್ನು ಅವ್ವನ ಕೈಗೆ ತುರುಕಿದೆ. "ತಗೋ. ಮಾತಾಡು. ನೀನು ಸತ್ತೆ ಅಂತ ಅಂಗಡಿ ಮುಚ್ಚಿ ಅತ್ತೋಳು ಇವಳು. ನಿನ್ನ ಮುಖ ನೋಡಿಲ್ಲ, ನಿನ್ನ ಹೆಸರು ಗೊತ್ತಿಲ್ಲ. ನಾನೊಬ್ಬಳೇ ಅಳೋಳು ಅಂದ್ಯಲ್ಲ, ಕೇಳು."

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಹೂ ಕೊಳ್ಳಲು ಬರುವ ಕೇರಳದ ಸಾಬರ ಜೊತೆ ವ್ಯಾಪಾರ ಮಾಡಿ ಅವಳಿಗೂ ಆ ಭಾಷೆ ಕಿವಿಗೆ ಹೊಸದಲ್ಲ. ಈ ಕಡೆಯಿಂದ ಮಾತಿಲ್ಲದ್ದಕ್ಕೆ ಉಪ್ಪುಗಾಡಿಯವಳು ನಾನೇ ಅಳುತ್ತಿದ್ದೇನೆ ಅಂದುಕೊಂಡಿರಬೇಕು. "ಕರಯಂಡ ಮೋಳೇ" ಅಂದಳು. ಫೋನಿನಲ್ಲಿ ಅವಳು ಬಿಕ್ಕುವುದು ನಮ್ಮ ನಡುಮನೆಯ ತುಂಬ ಕೇಳಿಸಿತು.

ಅವ್ವ ಬಾಯಿ ತೆರೆದಳು. "ನಾನು ಇವ್ನಿ ಕಣವ್ವ" ಅಂದಳು. "ಇನ್ನೂ ಇವ್ನಿ. ಅಳಬ್ಯಾಡ ಕಣ ನನ್ನವ್ವ." ಆ ಕಡೆಯವಳಿಗೆ ಏನು ಅರ್ಥವಾಯಿತೋ, ಅಳು ಇನ್ನೂ ಜೋರಾಯಿತು. ಅವ್ವ ಫೋನನ್ನು ಕೆನ್ನೆಗೆ ಒತ್ತಿಕೊಂಡು ತಾನೂ ಅಳುವುದಕ್ಕೆ ಶುರುಮಾಡಿದಳು. ವಿಭೂತಿಯೆಲ್ಲ ಕರಗಿ ಕೆನ್ನೆಗಿಳಿಯಿತು.

ತಮ್ಮ ಗಾಬರಿಯಾದ. "ಅದ್ಯಾಕವ್ವ ನೀನಳ್ತೀಯ? ಅಕ್ಕ ಅತ್ಳಲ್ಲ, ದೋಸ ಓಯ್ತಲ್ಲ" ಅಂತ ಫೋನು ಕಿತ್ತುಕೊಳ್ಳಲು ಬಗ್ಗಿದ.

ನಾನು ಅವನ ಕೈ ಹಿಡಿದು ತಳ್ಳಿದೆ.

"ಬುಡೋ. ಅಳ್ಲಿ."